ಬಾಣಲೆ ಮುಂದಿನ ಪಂದ್ಯ: ನಾಲ್ಕು ತಾಲ್ಲೂಕಿನ ಮಂಡಕ್ಕಿ–ಮೆಣಸಿನಕಾಯಿ ಸ್ಪರ್ಧೆಯ ನೆನಪು

ಮಂಡಕ್ಕಿ–ಮೆಣಸಿನಕಾಯಿ ದಾವಣಗೆರೆ ಸೀಮೆಯ ಸಂಜೆಯ ತಿಂಡಿ. ಹೆಚ್ಚಿದ ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಹುರಿಗಡಲೆ ಪುಡಿ, ಖಾರ, ನಿಂಬೆರಸ ಹಾಕಿ ಕಲಸಿದ ಮಂಡಕ್ಕಿ. ಜೊತೆಗೆ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಉದ್ದನೆಯ ಹಸಿಮೆಣಸಿನಕಾಯಿ. ಬಸ್‌ಸ್ಟ್ಯಾಂಡಿನ ತಳ್ಳುಗಾಡಿಯಿಂದ ಹಿಡಿದು ಜಾತ್ರೆಯ ತಗಡಿನ ಅಂಗಡಿಯವರೆಗೆ ಇದು ಸಿಗದ ಜಾಗವಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ವೃತ್ತಿನಿರತ ಅಡುಗೆಯವರಿಗಾಗಿ ಈ ಒಂದೇ ತಿಂಡಿಯ ಮೇಲೆ ಕೆಲವು ವರ್ಷಗಳ ಹಿಂದೆ ನಡೆದ ಸ್ಪರ್ಧೆ ಗಾತ್ರದಲ್ಲಿ ಸಣ್ಣದು. ಒಂದು ಸಮುದಾಯ ಭವನದ ಅಂಗಳ, ಶಾಮಿಯಾನದ ಕೆಳಗೆ ಸಾಲು ಒಲೆ, ಒಳಗಿನ ಕೋಣೆಯಲ್ಲಿ ತೀರ್ಪುಗಾರರು, ಅಷ್ಟೇ. ಆದರೆ ಅದನ್ನು ಏರ್ಪಡಿಸಲು ಹೊರಟವರು ಒಂದೊಂದು ನಿಯಮ ಬರೆಯುವಾಗಲೂ ಬಾಣಲೆಯ ಮುಂದೆ ಬದುಕು ಕಳೆದವರ ವಿದ್ಯೆ ಎಷ್ಟು ಆಳದ್ದು ಎಂಬುದನ್ನು ಮೊದಲಿಂದ ಕಲಿಯಬೇಕಾಯಿತು.

ಅಡುಗೆ ಸ್ಪರ್ಧೆ ಈ ಭಾಗಕ್ಕೆ ಹೊಸದಲ್ಲ. ಅಕ್ಷರ ದಾಸೋಹ ಯೋಜನೆ ರಾಜ್ಯದಲ್ಲಿ 2002ರ ಜೂನ್‌ನಲ್ಲಿ ಈಶಾನ್ಯದ ಏಳು ಜಿಲ್ಲೆಗಳಿಂದ ಶುರುವಾಗಿ ಮರುವರ್ಷ ಉಳಿದೆಡೆಗೂ ಹರಡಿದ ಮೇಲೆ, ಶಾಲೆಯ ಬಿಸಿಯೂಟದ ಅಡುಗೆಯವರಿಗೆ ತಾಲ್ಲೂಕು ಮಟ್ಟದಲ್ಲಿ ಅಡುಗೆ ಸ್ಪರ್ಧೆಗಳು ನಡೆಯುತ್ತ ಬಂದಿವೆ. ಕೃಷಿ ಇಲಾಖೆ ಸಿರಿಧಾನ್ಯ ಮತ್ತು ಮರೆತುಹೋದ ಖಾದ್ಯಗಳ ಪಾಕಸ್ಪರ್ಧೆಗಳನ್ನು ಜಿಲ್ಲೆಗಳಲ್ಲಿ ನಡೆಸಿದೆ. ಹಬ್ಬ, ಉತ್ಸವಗಳಲ್ಲಿ ಮಹಿಳಾ ಸಂಘಗಳ ಸ್ಪರ್ಧೆಯಂತೂ ಇದ್ದೇ ಇರುತ್ತದೆ. ಇವೆಲ್ಲದರಿಂದ ಹೊರಗೆ ಉಳಿದವರು ಹೋಟೆಲಿನ ಮಾಸ್ಟರ್‌ಗಳು, ಮದುವೆಮನೆ ಭಟ್ಟರು, ಗಾಡಿಯ ಮೇಲೆ ಕರಿಯುವ ಅಣ್ಣಂದಿರು, ಅಕ್ಕಂದಿರು. ಅಡುಗೆಯೇ ಹೊಟ್ಟೆಪಾಡಾಗಿರುವವರನ್ನು ಸ್ಪರ್ಧೆಗೆ ಕರೆಯುವ ರೂಢಿ ಇಲ್ಲಿ ಬೆಳೆದಿಲ್ಲ. ಅವರು ದಿನವೂ ಗಿರಾಕಿಯ ಮುಂದೆ ಪರೀಕ್ಷೆಗೆ ನಿಲ್ಲುತ್ತಾರೆ, ಬೇರೆ ಸ್ಪರ್ಧೆ ಯಾಕೆ ಎಂಬ ಮಾತೂ ಉಂಟು. ಆದರೆ ಗಿರಾಕಿ ತಿಂದು ದುಡ್ಡು ಕೊಟ್ಟು ಹೋಗುತ್ತಾನೆ. ಹಿಟ್ಟು ಯಾಕೆ ಚೆನ್ನಾಗಿತ್ತು, ಎಣ್ಣೆ ಎಲ್ಲಿ ತಪ್ಪಿತು ಎಂದು ಹೇಳುವವರು ಇರುವುದಿಲ್ಲ. ಒಬ್ಬ ಮಾಸ್ಟರ್ ಇನ್ನೊಬ್ಬ ಮಾಸ್ಟರ್ ಕರಿಯುವುದನ್ನು ನಿಂತು ನೋಡುವ ಅವಕಾಶವಂತೂ ಇಲ್ಲವೇ ಇಲ್ಲ, ಸಂಜೆ ಐದಕ್ಕೆ ಎಲ್ಲರ ಒಲೆಯೂ ಒಟ್ಟಿಗೇ ಹೊತ್ತಿಕೊಳ್ಳುತ್ತದೆ.

ಹೊರಗಿನ ಲೋಕದಲ್ಲಿ ವೃತ್ತಿಪರ ಬಾಣಸಿಗರ ಸ್ಪರ್ಧೆಗೆ ದೊಡ್ಡ ಇತಿಹಾಸವಿದೆ. ಫ್ರಾನ್ಸಿನ ಲಿಯಾನ್ ನಗರದಲ್ಲಿ ಬಾಣಸಿಗ ಪಾಲ್ ಬೊಕ್ಯೂಸ್ 1987ರಲ್ಲಿ ಆರಂಭಿಸಿದ ಸ್ಪರ್ಧೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಅಲ್ಲಿ ದುಬಾರಿ ಮೀನು, ಮಾಂಸ, ಗಂಟೆಗಟ್ಟಲೆ ಕೆಲಸ. ನಾಲ್ಕು ತಾಲ್ಲೂಕಿನ ಈ ಪ್ರಯತ್ನಕ್ಕೆ ಹತ್ತಿರವಾಗಿದ್ದುದು ಅದಲ್ಲ, ಅಮೆರಿಕದ ಹಾಟ್‌ಡಾಗ್. ಬನ್ನಿನ ನಡುವೆ ಸಾಸೇಜ್ ಇಟ್ಟು ಬೀದಿಯಲ್ಲಿ ಮಾರುವ ಅಗ್ಗದ ತಿಂಡಿ ಅದು. ಹೆಸರಾಂತ ಬಾಣಸಿಗರು ಕೂಡ ಅದನ್ನು ಕೈಗೆತ್ತಿಕೊಂಡು ತಮ್ಮ ಕೌಶಲ ತೋರಿಸುತ್ತಾರೆ. ಷಿಕಾಗೊ ನಗರದ ಸಂಪ್ರದಾಯದಲ್ಲಿ ಅದರ ಮೇಲೆ ಸಾಸಿವೆ, ಈರುಳ್ಳಿ, ಟೊಮೆಟೊ, ಉಪ್ಪಿನಲ್ಲಿ ಹಾಕಿದ ಸೌತೆ, ಸಣ್ಣ ಮೆಣಸಿನಕಾಯಿ ಎಲ್ಲ ಬರುತ್ತವೆ, ಟೊಮೆಟೊ ಕೆಚಪ್ ಮಾತ್ರ ಬರಕೂಡದು. ಬಡವರ ತಿಂಡಿಗೂ ಇಷ್ಟು ಕಟ್ಟುನಿಟ್ಟಿನ ಕಾಯಿದೆ ಇರಬಲ್ಲದು ಎಂಬುದೇ ಮಂಡಕ್ಕಿಯ ಸ್ಪರ್ಧೆಗೆ ಧೈರ್ಯ ಕೊಟ್ಟ ಸಂಗತಿ.

ದಾವಣಗೆರೆ ನಗರವನ್ನು ಸ್ಪರ್ಧೆಯಿಂದ ಬಿಟ್ಟದ್ದು ಬೇಕೆಂದೇ. ಬೆಣ್ಣೆದೋಸೆಯಾಗಲಿ ಮಂಡಕ್ಕಿಯಾಗಲಿ, ಹೆಸರೆಲ್ಲ ನಗರಕ್ಕೇ ಹೋಗುತ್ತದೆ. ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಇನ್ನೂ ಈಚೆಗೆ. ಹೀಗೆ ಬೇರೆ ಬೇರೆ ಸೀಮೆಯ ರುಚಿಗಳು ಒಂದೇ ಜಿಲ್ಲೆಯ ಹೆಸರಿನಡಿ ಕೂಡಿವೆ. ಅರೆಮಲೆನಾಡಿನ ಅಂಚಿಗೆ ಒರಗಿದ ನ್ಯಾಮತಿ ಜಿಲ್ಲೆಯ ಒಂದು ತುದಿ, ಮಳೆ ನಂಬಿದ ಹೊಲಗಳ ಜಗಳೂರು ಇನ್ನೊಂದು ತುದಿ. ನಡುವೆ ಭದ್ರಾ ನಾಲೆಯ ನೀರುಂಡ ಚನ್ನಗಿರಿಯ ಅಡಿಕೆ ತೋಟ, ತುಂಗಭದ್ರೆಯ ದಂಡೆಯ ಹೊನ್ನಾಳಿಯ ಗದ್ದೆ. ಈ ಅಂತರ ನಕ್ಷೆಯ ಮೇಲಷ್ಟೇ ಇರುವಂಥದ್ದಲ್ಲ, ತಟ್ಟೆಯೊಳಗೂ ಇದೆ ಎಂಬುದು ಸ್ಪರ್ಧೆಗೆ ತಯಾರಿ ಮಾಡುವಾಗ ಕಂಡಿತು.

ಮೊದಲ ಕೆಲಸ ದಿನ ಗೊತ್ತುಮಾಡುವುದು. ಇದು ಕಷ್ಟದ್ದಾಯಿತು. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಚನ್ನಗಿರಿ ಕಡೆಯ ಅಂಗಡಿಯವರು ಕದಲುವಂತಿಲ್ಲ. ಖೇಣಿ (ಫಸಲಿನ ಗುತ್ತಿಗೆ) ಹಿಡಿದವರ ಮನೆ ಮುಂದೆ ರಾತ್ರಿವರೆಗೆ ಅಡಿಕೆ ಸುಲಿಯುವವರು ಕೂತಿರುತ್ತಾರೆ, ಅವರ ಸಂಜೆಯ ಹಸಿವಿಗೆ ಬೇಕಾದದ್ದು ಇದೇ ಮಂಡಕ್ಕಿ. ಫೆಬ್ರವರಿ ಮಧ್ಯದಲ್ಲಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರ ಜಯಂತಿ. ನಾಡಿನ ನಾನಾ ಕಡೆಯಿಂದ, ಹೊರರಾಜ್ಯಗಳಿಂದ ಬಂಜಾರ ಜನ ಬಂದು ಸೇರುವ ಆ ದಿನಗಳಲ್ಲಿ ಸುತ್ತಲಿನ ಕರಿಯುವವರೆಲ್ಲ ಅಲ್ಲೇ ಇರುತ್ತಾರೆ. ಮದುವೆಯ ಮುಹೂರ್ತಗಳು ತುಂಬಿದ ತಿಂಗಳಲ್ಲಿ ಭಟ್ಟರು ಸಿಗುವುದಿಲ್ಲ. ಮಳೆಗಾಲ ಮಂಡಕ್ಕಿಗೇ ಆಗದು. ಕೊನೆಗೆ ಇವೆಲ್ಲದರ ನಡುವೆ ಬಿಡುವಿದ್ದ ಒಂದು ದಿನ, ಅದೂ ಬೆಳಗಿನ ಹೊತ್ತು ಎಂದು ತೀರ್ಮಾನವಾಯಿತು. ಸಂಜೆಯ ವ್ಯಾಪಾರ ಯಾರಿಗೂ ತಪ್ಪಬಾರದು ಎಂಬುದು ಮಾಸ್ಟರ್‌ಗಳು ಹಾಕಿದ ಏಕೈಕ ಷರತ್ತು, ಮತ್ತು ಅದು ನ್ಯಾಯವಾದದ್ದು. ದಿನಗೂಲಿಯ ಮೇಲೆ ದುಡಿಯುವವರನ್ನು ಬಹುಮಾನದ ಆಸೆ ತೋರಿಸಿ ಕರೆತಂದು ಆ ದಿನದ ಸಂಪಾದನೆ ಕಳೆಯುವ ಸ್ಪರ್ಧೆ ಗೌರವವಲ್ಲ. ಗೆಲ್ಲಲಿ ಬಿಡಲಿ, ಬಂದ ಎಲ್ಲರಿಗೂ ಬಸ್ ಚಾರ್ಜು ಮತ್ತು ಒಂದು ದಿನದ ಕೂಲಿ ಎಂದು ಮೊದಲೇ ಗೊತ್ತಾದದ್ದರಿಂದಲೇ ಹಲವರು ಒಪ್ಪಿದರು. ಒಬ್ಬಂಟಿಯಾಗಿ ಗಾಡಿ ನಡೆಸುವ ಹೆಣ್ಣುಮಕ್ಕಳು ಬಂದದ್ದೂ ಅದರಿಂದಲೇ.

ಆಮೇಲೆ ನಿಯಮಗಳು. ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಬೆಲೆಯ ನಿಯಮ. ಒಂದು ತಟ್ಟೆಯ ಸಾಮಾನಿನ ಖರ್ಚು, ಅಂಗಡಿಯಲ್ಲಿ ಅದೇ ತಟ್ಟೆಗೆ ಗಿರಾಕಿ ಕೊಡುವ ದುಡ್ಡಿನ ಅರ್ಧ ಮೀರಬಾರದು ಎಂದು ಬರೆದದ್ದಕ್ಕೆ ಕೆಲವು ಹೋಟೆಲಿನವರಿಂದ ಆಕ್ಷೇಪ ಬಂತು. ಗೋಡಂಬಿ, ಪನ್ನೀರು, ಚೀಸ್ ಹಾಕಿ ಮೇಲ್ದರ್ಜೆಯ ತಿಂಡಿ ಮಾಡಿ ತೋರಿಸಬೇಡವೇ ಎಂದು ಅವರ ಕೇಳಿಕೆ. ಆ ನಿಯಮವನ್ನು ಸಡಿಲಿಸದೆ ಇಟ್ಟದ್ದೇ ಇಡೀ ಸ್ಪರ್ಧೆಯ ಒಳ್ಳೆಯ ನಿರ್ಧಾರ. ದುಡ್ಡು ಸುರಿದರೆ ಯಾವ ತಿಂಡಿಯನ್ನಾದರೂ ಬೇರೆ ತಿಂಡಿ ಮಾಡಬಹುದು. ಅದೇ ಕಡಲೆಹಿಟ್ಟು, ಅದೇ ಮೆಣಸಿನಕಾಯಿ, ಅದೇ ಸೇರು ಮಂಡಕ್ಕಿಯಲ್ಲಿ ಒಬ್ಬನದು ಇನ್ನೊಬ್ಬನಿಗಿಂತ ಮೇಲಾಗುವುದು ಕೈಗುಣದಿಂದ ಮಾತ್ರ. ಅದನ್ನು ನೋಡುವುದಕ್ಕೇ ಸ್ಪರ್ಧೆ.

ಕಡಲೆಹಿಟ್ಟು, ಎಣ್ಣೆ, ಮೆಣಸಿನಕಾಯಿ, ಮಂಡಕ್ಕಿ ನಾಲ್ಕನ್ನೂ ಸಂಘಟಕರೇ ಒಂದೇ ಅಂಗಡಿಯಿಂದ ತಂದು ಹಂಚಿದರು. ಒಳಗೆ ತುಂಬುವ ಮಸಾಲೆ, ಮಂಡಕ್ಕಿಯ ಖಾರ, ಚಟ್ನಿ ಸ್ಪರ್ಧಿಗಳಿಗೆ ಬಿಟ್ಟದ್ದು. ಮನೆ ಬಳಕೆಯ 14.2 ಕೆಜಿ ಸಿಲಿಂಡರನ್ನು ಇಂಥ ಕಡೆ ಬಳಸುವಂತಿಲ್ಲವಾದ್ದರಿಂದ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್‌ಗಳು ಬಂದವು. ಒಲೆ ಎಲ್ಲರಿಗೂ ಒಂದೇ ಬಗೆಯದು, ಬಾಣಲೆ ಮಾತ್ರ ಅವರವರದ್ದು. ಬಾಣಲೆಯನ್ನೂ ಸಂಘಟಕರೇ ಕೊಡುವ ಯೋಚನೆಯಿತ್ತು. ಮಾಸ್ಟರ್‌ಗಳು ಇದೊಂದನ್ನು ಒಪ್ಪಲಿಲ್ಲ. ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾದ ಕಬ್ಬಿಣದ ಬಾಣಲೆ ಎಷ್ಟು ಹೊತ್ತಿಗೆ ಕಾಯುತ್ತದೆ, ಉರಿ ತಗ್ಗಿಸಿದ ಮೇಲೆ ಎಷ್ಟು ಹೊತ್ತು ಕಾವು ಹಿಡಿದಿರುತ್ತದೆ ಎಂಬ ಲೆಕ್ಕ ಅವರ ಕೈಯಲ್ಲಿರುತ್ತದೆ. ಗುರುತಿಲ್ಲದ ಬಾಣಲೆ ಕೊಟ್ಟರೆ ಆ ಲೆಕ್ಕವೇ ತಪ್ಪುತ್ತದೆ.

ಮಂಡಕ್ಕಿಯ ವಿಷಯ ಸ್ವಲ್ಪ ನಿಂತು ಹೇಳಬೇಕಾದದ್ದು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದು, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದರೆ ಅದು ಅರಳಿ ಮಂಡಕ್ಕಿಯಾಗುತ್ತದೆ. ಅಕ್ಕಿಯೊಳಗೆ ಉಳಿದ ಅಲ್ಪ ತೇವ ಒಮ್ಮೆಗೇ ಆವಿಯಾಗಿ ಕಾಳನ್ನು ಉಬ್ಬಿಸುವುದೇ ಅರಳುವಿಕೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಹೊಗೆ, ಬೂದಿ, ಬಿಸಿಯ ನಡುವೆ ಕುಟುಂಬಗಳೇ ಈ ಕೆಲಸಕ್ಕೆ ನಿಂತಿವೆ. ನಾಲ್ಕೂ ತಾಲ್ಲೂಕಿನ ಅಂಗಡಿಗಳಿಗೆ ಮೂಟೆ ಹೋಗುವುದು ಹೆಚ್ಚಾಗಿ ಅಲ್ಲಿಂದಲೇ. ಅರಳಿದ ಕಾಳಿನ ಮೈಯೆಲ್ಲ ಸಣ್ಣ ಸಣ್ಣ ಗೂಡು. ಗಾಳಿಯ ತೇವವನ್ನು ಅದು ಬೇಗ ಹೀರುತ್ತದೆ, ಹೀರಿದರೆ ಮೆತ್ತಗಾಗುತ್ತದೆ. ಹೀಗಾಗಿ ನ್ಯಾಮತಿ, ಚನ್ನಗಿರಿಯ ಅಂಗಡಿಯವರಿಗೆ ಬಿಸಿಲಲ್ಲಿ ಹರಡಿಯೋ ಬರಿ ಬಾಣಲೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿಯೋ ಬಳಸುವ ಅಭ್ಯಾಸ. ಒಣಹವೆಯ ಜಗಳೂರಿನವರಿಗೆ ಆ ತಾಪತ್ರಯ ಕಡಿಮೆ. ಸ್ಪರ್ಧೆಯ ಬೆಳಿಗ್ಗೆ ಮೂಟೆ ಬಿಚ್ಚಿದೊಡನೆ ನ್ಯಾಮತಿ ಕಡೆಯ ಒಬ್ಬ ಅಕ್ಕ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹಿಸುಕಿ, ‘ಇದು ಸ್ವಲ್ಪ ಬಿಸಿ ಕೇಳ್ತದೆ ಸಾರ್’ ಎಂದರು. ಉಳಿದವರು ಬೇರೆ ತಯಾರಿಗೆ ತೊಡಗಿದ್ದಾಗ ಅವರು ಮೊದಲು ಮಂಡಕ್ಕಿಯನ್ನು ಬೆಚ್ಚಗೆ ಮಾಡಿಕೊಂಡರು.

ಕಲಸುವ ಕ್ರಮದಲ್ಲೂ ಊರಿಗೊಂದು ಬಗೆ. ಒಬ್ಬರು ಮಂಡಕ್ಕಿಗೆ ಮೊದಲು ಎಣ್ಣೆಖಾರ ಸವರಿ ಆಮೇಲೆ ಈರುಳ್ಳಿ, ಟೊಮೆಟೊ ಹಾಕಿದರು. ಎಣ್ಣೆಯ ಪದರ ಕಾಳಿನ ಮೇಲೆ ಕೂತರೆ ಟೊಮೆಟೊದ ನೀರು ಒಳಗಿಳಿಯುವುದು ನಿಧಾನ. ಇನ್ನೊಬ್ಬರು ಹುರಿಗಡಲೆ ಪುಡಿಯನ್ನು ತರಕಾರಿಗೆ ಮೊದಲು ಬೆರೆಸಿದರು. ಪುಡಿ ಆ ನೀರನ್ನು ತಾನು ಹಿಡಿದುಕೊಂಡಿತು. ಎರಡರ ಉದ್ದೇಶ ಒಂದೇ, ಮಂಡಕ್ಕಿ ಗರಿಗರಿಯಾಗಿ ಉಳಿಯುವ ಹೊತ್ತನ್ನು ಇನ್ನಷ್ಟು ಹಿಗ್ಗಿಸುವುದು. ಜಗಳೂರು ಸೀಮೆ ಈರುಳ್ಳಿ, ಶೇಂಗಾ ಬೆಳೆಯುವ ನೆಲ. ಅಲ್ಲಿಂದ ಬಂದವರು ಹುರಿದ ಶೇಂಗಾವನ್ನು ಒರಟಾಗಿ ಕುಟ್ಟಿ ಧಾರಾಳವಾಗಿ ಹಾಕಿದರು. ಹೊನ್ನಾಳಿಯವರೊಬ್ಬರು ಕಲಸಿದ್ದನ್ನು ಬಿಟ್ಟು, ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿ ಒಗ್ಗರಣೆ ಹಾಕುವ ಬಗೆಯನ್ನೇ ಮಾಡುತ್ತೇನೆಂದರು. ನಿಯಮದಲ್ಲಿ ಅದಕ್ಕೆ ತಡೆಯಿರಲಿಲ್ಲ, ಆದರೆ ಗರಿಗರಿತನಕ್ಕೆ ಇಟ್ಟಿದ್ದ ಅಂಕ ಒಗ್ಗರಣೆ ಮಂಡಕ್ಕಿಗೆ ಹೊಂದುತ್ತಿರಲಿಲ್ಲ. ಸಾಲಿನಲ್ಲಿದ್ದ ಉಳಿದ ಮಾಸ್ಟರ್‌ಗಳೇ ಒಪ್ಪಿ, ಅವರ ತಟ್ಟೆಗೆ ಆ ಜಾಗದಲ್ಲಿ ಮೃದುತನ ನೋಡಬೇಕೆಂದು ಸೂಚಿಸಿದರು. ಎದುರಾಳಿಗೆ ನ್ಯಾಯ ಸಿಗಲೆಂದು ಸ್ಪರ್ಧಿಗಳೇ ನಿಯಮ ತಿದ್ದಿಸಿದ ಆ ಗಳಿಗೆಯನ್ನು ಅಲ್ಲಿದ್ದವರು ಈಗಲೂ ನೆನೆಯುತ್ತಾರೆ.

ಮೆಣಸಿನಕಾಯಿ ಕರಿಯುವುದು ಮಂಡಕ್ಕಿ ಕಲಸುವುದಕ್ಕಿಂತ ನಾಜೂಕಿನ ಕೆಲಸ. ಬಜ್ಜಿಗೆ ಬಳಸುವುದು ಬ್ಯಾಡಗಿಯಂಥ ಒಣಗಿಸುವ ಜಾತಿಯನ್ನಲ್ಲ, ಉದ್ದನೆಯ, ತಿಳಿಹಸಿರಿನ, ದಪ್ಪ ಸಿಪ್ಪೆಯ ಕಾಯಿಯನ್ನು. ಖಾರ ಬೀಜದಲ್ಲಿದೆ ಎಂದು ಜನ ನಂಬುತ್ತಾರೆ. ನಿಜದಲ್ಲಿ ಖಾರದ ಅಂಶವಾದ ಕ್ಯಾಪ್ಸೈಸಿನ್ ಹೆಚ್ಚಾಗಿ ಇರುವುದು ಬೀಜ ಅಂಟಿಕೊಂಡ ಒಳಗಿನ ಬಿಳಿ ತಿರುಳಿನಲ್ಲಿ. ಅನುಭವಿಗಳು ಕಾಯಿಯನ್ನು ಉದ್ದಕ್ಕೆ ಸೀಳಿ, ಬೆರಳ ತುದಿಯಿಂದ ಆ ತಿರುಳನ್ನು ಎಷ್ಟು ಬೇಕೋ ಅಷ್ಟೇ ಕೀಳುತ್ತಾರೆ. ಪೂರ್ತಿ ತೆಗೆದರೆ ಕಾಯಿ ಸಪ್ಪೆ, ಹಾಗೇ ಬಿಟ್ಟರೆ ಕಣ್ಣೀರು. ಒಳಗೆ ಸವರುವುದಕ್ಕೆ ಉಪ್ಪು, ಅಜವಾನ, ಜೀರಿಗೆ. ಕೆಲವರು ಹುಣಸೆರಸವನ್ನೂ ಸೇರಿಸುತ್ತಾರೆ. ಹಿಟ್ಟಿನ ಹದ ಕಾಯಿಯಿಂದ ಇಳಿದು ಹೋಗಬಾರದು, ಗಟ್ಟಿಯಾಗಿ ಹಿಟ್ಟುಂಡೆಯೂ ಆಗಬಾರದು. ಸೋಡಾ ಹೆಚ್ಚಾದರೆ ಉಬ್ಬುತ್ತದೆ, ಜೊತೆಗೆ ಎಣ್ಣೆಯನ್ನೂ ಕುಡಿಯುತ್ತದೆ. ಸೋಡಾ ಬದಲು ಕಾದ ಎಣ್ಣೆಯನ್ನೇ ಒಂದು ಸೌಟು ಹಿಟ್ಟಿಗೆ ಹುಯ್ದು ಕಲಸಿದವರ ಬಜ್ಜಿ ತಣ್ಣಗಾದ ಮೇಲೂ ಗರಿಗರಿಯಾಗಿತ್ತು.

ಎಣ್ಣೆಯ ಕಾವು 170ರಿಂದ 190 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕೆಂದು ಪುಸ್ತಕ ಹೇಳುತ್ತದೆ. ಅಂಗಳದಲ್ಲಿ ಒಂದು ಥರ್ಮಾಮೀಟರ್ ಇತ್ತು, ತೀರ್ಪಿಗಲ್ಲ, ತಿಳಿಯುವುದಕ್ಕೆ. ಒಂದು ಹನಿ ಹಿಟ್ಟು ಬಿಟ್ಟು ಅದು ತಳ ಮುಟ್ಟುವ ಮೊದಲೇ ಮೇಲೇಳುವುದನ್ನು ನೋಡಿ ಕಾಯಿ ಇಳಿಬಿಟ್ಟ ಮಾಸ್ಟರ್‌ಗಳ ಎಣ್ಣೆ ಪ್ರತಿ ಸಲವೂ ಆ ಎರಡು ಅಂಕಿಗಳ ಒಳಗೇ ಇರುತ್ತಿತ್ತು. ಕಾವು ಕಡಿಮೆಯಿದ್ದರೆ ಹಿಟ್ಟಿನ ಹೊರಪದರ ಬೇಗ ಗಟ್ಟಿಯಾಗದೆ ಎಣ್ಣೆ ಒಳನುಗ್ಗುತ್ತದೆ. ಹೆಚ್ಚಾದರೆ ಹೊರಗೆ ಕೆಂಪಾಗಿ ಒಳಗಿನ ಹಿಟ್ಟು ಹಸಿಯಾಗಿ ಉಳಿಯುತ್ತದೆ. ಇದಕ್ಕೆ ಪರಿಹಾರವಾಗಿ ಹಲವರು ಎರಡು ಸಲ ಕರಿದರು: ಮೊದಲು ಮುಕ್ಕಾಲು ಬೇಯಿಸಿ ತೆಗೆದು ಆರಿಸಿ, ಕೊಡುವ ಹೊತ್ತಿಗೆ ಜೋರು ಕಾವಿನಲ್ಲಿ ಮತ್ತೊಮ್ಮೆ. ಬಳಸಿದ ಎಣ್ಣೆಯ ವಿಷಯದಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಪದೇಪದೇ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ 25 ದಾಟಿದರೆ ಆ ಎಣ್ಣೆ ಅಡುಗೆಗೆ ಸಲ್ಲದು. ಸ್ಪರ್ಧೆಯಲ್ಲಿ ಎಲ್ಲರಿಗೂ ಹೊಸ ಎಣ್ಣೆ ಸಿಕ್ಕಿತು. ಅದನ್ನು ಕಂಡು ಸಂತೋಷಪಟ್ಟವರಲ್ಲಿ ಸ್ಪರ್ಧಿಗಳೇ ಮೊದಲಿಗರು. ಹಳೆಯ ಎಣ್ಣೆಯಲ್ಲಿ ಕರಿಯುವುದು ಕರಿಯುವವನಿಗೂ ಬೇಡದ ಕೆಲಸ, ಹೊಗೆ ಮೊದಲು ಹೋಗುವುದು ಅವನ ಎದೆಗೇ.

ತೀರ್ಪಿನ ವ್ಯವಸ್ಥೆಗೆ ಬೇಕಾದ ಬುದ್ಧಿ ಆಹಾರ ವಿಜ್ಞಾನದಿಂದ ಬಂತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ 1950ರಿಂದ ಇದೆ. ರುಚಿಯನ್ನು ಅಳೆಯುವ ವಿಧಾನಗಳಿಗೆಂದೇ ಅಲ್ಲಿ ಒಂದು ವಿಭಾಗವಿದೆ. ಇಂಥ ಪರೀಕ್ಷೆಗಳಲ್ಲಿ ತಟ್ಟೆಗಳಿಗೆ ಹೆಸರಾಗಲಿ, ಒಂದು ಎರಡು ಎಂಬ ಕ್ರಮಸಂಖ್ಯೆಯಾಗಲಿ ಇಡುವುದಿಲ್ಲ. ಒಂದನೆಯದು ಎಂದೊಡನೆ ಮನಸ್ಸು ಅದನ್ನು ಮೇಲೆ ಕೂರಿಸಿಬಿಡುತ್ತದೆ. ಮೂರಂಕಿಯ ಯಾವುದೋ ಗುರುತು ಕೊಡುತ್ತಾರೆ. ಇಷ್ಟದ ಮಟ್ಟ ಗುರುತಿಸುವ ಒಂಬತ್ತು ಮೆಟ್ಟಿಲಿನ ಅಳತೆಯೊಂದು 1940ರ ದಶಕದ ಕೊನೆಯಲ್ಲಿ ಅಮೆರಿಕದ ಸೇನೆಯ ಆಹಾರ ಸಂಶೋಧನೆಯಲ್ಲಿ ರೂಪುಗೊಂಡದ್ದು, ಈಗ ಎಲ್ಲೆಡೆ ಬಳಕೆಯಲ್ಲಿದೆ. ಈ ಎರಡನ್ನೂ ಇಲ್ಲಿ ಹಾಗೆಯೇ ತಂದುಕೊಂಡರು. ತೀರ್ಪುಗಾರರು ಒಳಕೋಣೆಯಲ್ಲಿ, ಒಲೆಗಳು ಅಂಗಳದಲ್ಲಿ, ನಡುವೆ ತಟ್ಟೆ ಒಯ್ಯುವ ಹುಡುಗರು. ಯಾರ ತಟ್ಟೆ ಯಾವ ಊರಿನದು ಎಂದು ಒಳಗಿನವರಿಗೆ ತಿಳಿಯುವಂತಿರಲಿಲ್ಲ. ತಾಲ್ಲೂಕುಗಳ ನಡುವಿನ ಸ್ಪರ್ಧೆಯಲ್ಲಿ ಇದು ತೀರಾ ಅಗತ್ಯ. ನಮ್ಮೂರವನು ಎಂಬ ಅಭಿಮಾನ ಒಳ್ಳೆಯವರಲ್ಲೂ ಇರುತ್ತದೆ.

ಎರಡು ಸಂಗತಿ ಮಾತ್ರ ಯಾವ ಪುಸ್ತಕದಲ್ಲೂ ಸಿದ್ಧವಾಗಿ ಸಿಗಲಿಲ್ಲ. ಒಂದು, ಹೊತ್ತು. ಕಲಸಿದ ಮಂಡಕ್ಕಿ ಕೆಲವೇ ನಿಮಿಷದಲ್ಲಿ ಸೋಲುತ್ತದೆ. ಎಲ್ಲರೂ ಒಟ್ಟಿಗೆ ಮುಗಿಸಿ ತಟ್ಟೆ ಸಾಲಾಗಿಟ್ಟರೆ ಕೊನೆಯ ತಟ್ಟೆಗೆ ಅನ್ಯಾಯ ಖಂಡಿತ. ಆದ್ದರಿಂದ ಒಲೆ ಹೊತ್ತಿಸುವುದನ್ನೇ ಸರದಿಯಂತೆ ಮಾಡಲಾಯಿತು. ಒಬ್ಬರ ತಟ್ಟೆ ಒಳಗೆ ಹೋಗಿ ಅಂಕ ಬಿದ್ದ ಮೇಲೆ ಇನ್ನೊಬ್ಬರು ಕಲಸಬೇಕು. ಇದರಿಂದ ಬೆಳಿಗ್ಗೆ ಮುಗಿಯಬೇಕಾದದ್ದು ಮಧ್ಯಾಹ್ನದ ಊಟದ ಹೊತ್ತಿಗೆ ತಲುಪಿತು, ಆದರೆ ಬೇರೆ ದಾರಿ ಇರಲಿಲ್ಲ. ಕಾಯುತ್ತಿದ್ದವರು ಸುಮ್ಮನೆ ಕೂರಲಿಲ್ಲ, ಕರಿಯುವವರ ಹಿಂದೆ ಹೋಗಿ ನಿಂತು ನೋಡಿದರು. ಮಾಸ್ಟರ್ ಇನ್ನೊಬ್ಬ ಮಾಸ್ಟರನ್ನು ನೋಡುವ ಅವಕಾಶ ಅಲ್ಲಿ ಸಿಕ್ಕಿತು. ಎರಡನೆಯದು, ಖಾರ. ಮೂರ್ನಾಲ್ಕು ತಟ್ಟೆ ರುಚಿ ನೋಡುವಷ್ಟರಲ್ಲಿ ನಾಲಿಗೆ ಉರಿದು ಮುಂದಿನದರ ಉಪ್ಪುಹುಳಿ ತಿಳಿಯುವುದಿಲ್ಲ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವಂಥದ್ದಲ್ಲ, ನೀರು ಕುಡಿದರೆ ಖಾರ ಬಾಯೆಲ್ಲ ಹರಡುತ್ತದೆ. ಹಾಲು, ಮೊಸರಿನಲ್ಲಿರುವ ಕೊಬ್ಬು ಮತ್ತು ಪ್ರೋಟೀನು ಅದನ್ನು ಹಿಡಿದು ಇಳಿಸುತ್ತವೆ. ತೀರ್ಪುಗಾರರ ಮುಂದೆ ನೀರಿನ ಲೋಟದ ಜಾಗದಲ್ಲಿ ಉಪ್ಪಿಲ್ಲದ ಗಟ್ಟಿ ಮಜ್ಜಿಗೆ ಮತ್ತು ಸಪ್ಪೆ ಮಂಡಕ್ಕಿ ಇಟ್ಟದ್ದು ಇದಕ್ಕೆ. ಪ್ರತಿ ತಟ್ಟೆಯ ನಂತರ ಬಿಡುವೂ ಕಡ್ಡಾಯ.

ಅಂಕಗಳನ್ನು ಕೂಡಿಸಿದಾಗ ಮುಂದೆ ಬಂದವರ ನಡುವೆ ಅಂತರ ತೀರಾ ಸಣ್ಣದಾಗಿತ್ತು. ಮೊದಲ ಸ್ಥಾನ ಜಗಳೂರು ಕಡೆಯ ಒಂದು ತಳ್ಳುಗಾಡಿಗೆ ಹೋಯಿತು. ಅವರ ತಟ್ಟೆಯಲ್ಲಿ ಹೊಸ ಸಾಮಾನು ಯಾವುದೂ ಇರಲಿಲ್ಲ. ತೀರ್ಪುಗಾರರು ಬರೆದ ಟಿಪ್ಪಣಿಗಳಲ್ಲಿ ಮತ್ತೆಮತ್ತೆ ಬಂದದ್ದು ಎರಡು ಮಾತು: ಕಾಯಿಯ ಉದ್ದಕ್ಕೂ ಹಿಟ್ಟಿನ ಪದರ ಒಂದೇ ಸಮ, ಮತ್ತು ಮಂಡಕ್ಕಿಯ ಹುಳಿಗೂ ಮೆಣಸಿನಕಾಯಿಯ ಖಾರಕ್ಕೂ ಹೊಂದಿಕೆ. ಉಳಿದ ಹಲವರು ಮಂಡಕ್ಕಿ ಬೇರೆ, ಮೆಣಸಿನಕಾಯಿ ಬೇರೆ ಎಂದು ಎರಡನ್ನೂ ಅಷ್ಟಷ್ಟೇ ಖಾರವಾಗಿ ಮಾಡಿದ್ದರು. ಗೆದ್ದವರು ಇದನ್ನು ಕಚ್ಚಿ ಅದನ್ನು ಬಾಯಿಗೆ ಹಾಕಿಕೊಳ್ಳುವ ಒಂದೇ ತಿಂಡಿ ಎಂದು ತಿಳಿದು ಮಾಡಿದ್ದರು. ಎರಡನೆಯ ಸ್ಥಾನ ಪಡೆದ ಚನ್ನಗಿರಿ ಸೀಮೆಯ ಹೋಟೆಲ್ ಮಾಸ್ಟರ್ ಬಹುಮಾನ ತೆಗೆದುಕೊಂಡು ನೇರ ಗೆದ್ದವರ ಬಾಣಲೆಯ ಬಳಿಗೆ ಹೋಗಿ, ಹಿಟ್ಟಿಗೆ ಅಕ್ಕಿಹಿಟ್ಟು ಎಷ್ಟು ಎಂದು ಕೇಳಿದರು. ಅವರು ಮುಚ್ಚಿಡದೆ ಹೇಳಿದರು, ಹೇಳುತ್ತಲೇ ಹಿಟ್ಟು ಮುಗಿಯುವವರೆಗೆ ಕರಿದು ಕೊಟ್ಟರು.

ಬಹುಮಾನ ಹಂಚಿದ ಮೇಲೂ ಕೆಲಸ ಉಳಿದಿತ್ತು. ಪ್ರತಿ ಸ್ಪರ್ಧಿಗೂ ಅವರವರ ಅಂಕದ ಹಾಳೆಯನ್ನು, ತೀರ್ಪುಗಾರರ ಟಿಪ್ಪಣಿಯ ಸಮೇತ, ಕನ್ನಡದಲ್ಲಿ ಬರೆದು ಕೊಡಬೇಕೆಂದು ಮೊದಲೇ ಮಾತಾಗಿತ್ತು. ಓದಲು ಬಾರದವರಿಗೆ ಒಬ್ಬ ಶಿಕ್ಷಕರು ಪಕ್ಕದಲ್ಲಿ ಕೂತು ಓದಿ ಹೇಳಿದರು. ಉಪ್ಪು ಹೆಚ್ಚಾಯಿತು, ತಿರುಳು ಉಳಿದಿದೆ, ಎಣ್ಣೆ ಸೋರಲು ಇನ್ನೂ ಸ್ವಲ್ಪ ಹೊತ್ತು ಬಿಡಬೇಕಿತ್ತು ಎಂಬಂಥ ಮಾತುಗಳನ್ನು ಸ್ಪರ್ಧಿಗಳು ಬೇಸರವಿಲ್ಲದೆ ಕೇಳಿಸಿಕೊಂಡರು, ಕೆಲವರು ವಾದವನ್ನೂ ಮಾಡಿದರು. ಉಳಿದ ಮಂಡಕ್ಕಿ ಮತ್ತು ಬಜ್ಜಿ ನೋಡಲು ಬಂದವರಿಗೆ ಹಂಚಿಹೋಯಿತು. ಬಾಣಲೆಗಳ ಎಣ್ಣೆಯನ್ನು ಆರಿಸಿ ಡಬ್ಬಿಗೆ ತುಂಬಿ, ಮತ್ತೆ ಅಡುಗೆಗೆ ಹೋಗದಂತೆ ಬೇರೆ ಇಡಲಾಯಿತು. ಮಧ್ಯಾಹ್ನದ ಬಸ್ಸುಗಳಿಗೆ ಬಾಣಲೆ, ಸೌಟು, ಮಸಾಲೆ ಡಬ್ಬಿ ಹೊತ್ತು ಎಲ್ಲರೂ ಹೊರಟರು. ಒಪ್ಪಿದ್ದಂತೆ ಸಂಜೆಯ ವ್ಯಾಪಾರಕ್ಕೆ ಊರು ಮುಟ್ಟಬೇಕಿತ್ತು.